ಕೊಲಾಜ್ ಕಲಾವಿದನ ಬಗ್ಗೆ ಪತ್ರಿಕೆ ಬರೆದದ್ದನ್ನು ಓದುವುದು ಹೇಗೆ?

ಕುವೆಂಪುನಗರದ ಒಂದು ಮನೆಯ ಹಾಲ್‌ನಲ್ಲಿ ಫ್ಯಾನ್ ಆರಿಸಿಕೊಂಡು ನಾವಿಬ್ಬರು ನೆಲದ ಮೇಲೆ ಕೂತಿದ್ದೆವು. ಸುತ್ತಲೂ 41 ಪೇಪರ್ ಕಟಿಂಗ್ ಹರಡಿದ್ದವು. ಫ್ಯಾನ್ ಹಾಕಿದರೆ ಎಲ್ಲಾ ಅಡುಗೆಮನೆ ಸೇರುತ್ತಿದ್ದವು. ಗೆಳೆಯ ಕೊಲಾಜ್ ಕಲಾವಿದ. ಹುಟ್ಟಿದ್ದು ಮಂಡ್ಯದ ಹತ್ತಿರದ ಒಂದು ಹಳ್ಳಿ, ಓದಿದ್ದು ಮೈಸೂರಿನ ಕಾವಾ ಎಂಬ ಕಲಾ ಕಾಲೇಜಿನಲ್ಲಿ, ಆಮೇಲೆ ಇಲ್ಲೇ ಉಳಿದ. ಯಾವುದೋ ಫೆಲೋಶಿಪ್‌ಗೆ ಅರ್ಜಿ ಹಾಕುತ್ತಿದ್ದ. ಅದರ ಜೊತೆ ‘ಪತ್ರಿಕೆಗಳಲ್ಲಿ ನಿಮ್ಮ ಕೆಲಸದ ಬಗ್ಗೆ ಬಂದ ಬರಹಗಳು, ಹತ್ತಕ್ಕೆ ಮೀರದಂತೆ’ ಲಗತ್ತಿಸಬೇಕಿತ್ತು. ನಾನು ಈ ಊರಿನ ಪತ್ರಿಕೆಯೊಂದರ ಡೆಸ್ಕಿನಲ್ಲಿ ಇಪ್ಪತ್ತು ಚಿಲ್ಲರೆ ವರ್ಷ ಕೂತವನು. ‘ನೀನೇ ಆರಿಸಿಕೊಡು ಕಣಯ್ಯ, ನಿಮ್ಮೋರೇ ಬರ್ದಿರೋದು ತಾನೆ’ ಎಂದು ಕರೆದಿದ್ದ.

ಅರ್ಧ ಗಂಟೆಯ ಕೆಲಸ ಅಂದುಕೊಂಡು ಹೋದೆ. ಮಧ್ಯಾಹ್ನದ ಊಟವೂ ಆಯಿತು, ಸಂಜೆಯ ಕಾಫಿಯೂ ಆಯಿತು. 41ರಲ್ಲಿ ಅವನ ಚಿತ್ರ ಹೇಗಿದೆ ಎಂದು ಹೇಳುವ ಕಟಿಂಗ್ ಎಷ್ಟಿದ್ದವು ಗೊತ್ತಾ? ನಾಲ್ಕು. ಉಳಿದ 37ರಲ್ಲಿ ದೀಪ ಇದೆ, ಅತಿಥಿಗಳಿದ್ದಾರೆ, ಬೆಲೆ ಇದೆ, ಅವನ ಅಪ್ಪನ ಬಡತನ ಇದೆ. ಚಿತ್ರವೊಂದಿಲ್ಲ.

ಇದರಲ್ಲಿ ಯಾರೂ ಸುಳ್ಳು ಬರೆದಿಲ್ಲ. ಪತ್ರಿಕೆ ಕಲಾವಿದನ ಬಗ್ಗೆ ಬರೆಯುವುದರಲ್ಲಿ ನಾಲ್ಕೈದು ಜಾತಿ ಇದೆ, ಒಂದೊಂದರ ಕೆಲಸವೂ ಬೇರೆ. ಅದು ಗೊತ್ತಿಲ್ಲದಿದ್ದರೆ ದಪ್ಪ ಫೈಲು ನೋಡಿ ‘ದೊಡ್ಡ ಕಲಾವಿದ’ ಅಂದುಕೊಳ್ಳುತ್ತೇವೆ, ತೆಳ್ಳಗಿದ್ದರೆ ‘ಇನ್ನೂ ಹೊಸಬ’ ಅನ್ನುತ್ತೇವೆ. ಕೊಲಾಜ್ ಮಾಡುವವರ ವಿಷಯದಲ್ಲಂತೂ ತೊಡಕು ಇನ್ನೂ ಜಾಸ್ತಿ.

ಮೊದಲು ಕೊಲಾಜ್ ಅಂದರೇನು

ಅಂಟಿಸುವುದಕ್ಕೆ ಫ್ರೆಂಚರು ‘ಕೊಲೆ’ ಅನ್ನುತ್ತಾರೆ. ಕೊಲಾಜ್ ಬಂದದ್ದು ಅಲ್ಲಿಂದ. (ಇದನ್ನು ಹೇಳಿದಾಗ ನಮ್ಮ ಕ್ರೈಂ ವರದಿಗಾರನ ಕಿವಿ ನೆಟ್ಟಗಾಗಿತ್ತು.) ಕನ್ನಡದಲ್ಲಿ ಅಂಟುಚಿತ್ರ ಅಂತಲೂ ಬರೆಯುತ್ತಾರೆ, ಆದರೆ ಮಾತಿನಲ್ಲಿ ಎಲ್ಲರಿಗೂ ಅದು ಕೊಲಾಜೇ.

ಕಾಗದ ಕತ್ತರಿಸಿ ಅಂಟಿಸುವುದೇನೂ ಹೊಸದಲ್ಲ. ನಮ್ಮ ಮೈಸೂರು ಚಿತ್ರಕಲೆಯಲ್ಲೇ ಹಲಗೆಗೆ ಕಾಗದ ಅಂಟಿಸಿ, ಅದರ ಮೇಲೆ ಚಿತ್ರ ಬರೆದು, ಒಡವೆ ಸಿಂಹಾಸನದ ಜಾಗಕ್ಕೆ ಚಿನ್ನದ ರೇಕು ಅಂಟಿಸುತ್ತಾರೆ. ಆದರೆ ಅಲ್ಲಿ ಚಿನ್ನ ಚಿನ್ನದ ಒಡವೆಯಾಗಿಯೇ ಕಾಣುತ್ತದೆ. ಕೊಲಾಜ್‌ನ ಕಥೆ ಬೇರೆ. 1912ರಲ್ಲಿ ಪಿಕಾಸೊ ಒಂದು ಚಿತ್ರದಲ್ಲಿ ಬೆತ್ತದ ಕುರ್ಚಿಯ ಹೆಣಿಗೆ ಬಿಡಿಸುವ ಬದಲು, ಆ ಹೆಣಿಗೆ ಅಚ್ಚಾಗಿದ್ದ ಎಣ್ಣೆಬಟ್ಟೆಯನ್ನೇ ಅಂಟಿಸಿಬಿಟ್ಟ. ಫ್ರೇಮಿನ ಬದಲು ಸುತ್ತಲೂ ಹಗ್ಗ ಕಟ್ಟಿದ. ಅದೇ ವರ್ಷ ಅವನ ಜೊತೆಗಾರ ಬ್ರಾಕ್, ಮರದ ಗೆರೆ ಅಚ್ಚಾಗಿದ್ದ ಗೋಡೆಕಾಗದ ತಂದು ಇದ್ದಿಲಿನ ಚಿತ್ರದೊಳಗೆ ಅಂಟಿಸಿದ. ವರ್ಷದ ಕೊನೆಗೆ ಪಿಕಾಸೊನ ಚಿತ್ರಗಳಲ್ಲಿ ಪ್ಯಾರಿಸ್ಸಿನ ದಿನಪತ್ರಿಕೆಯ ತುಂಡುಗಳು ಬಂದವು. ಕೆಲವು ತುಂಡುಗಳಲ್ಲಿ ಆಗ ನಡೆಯುತ್ತಿದ್ದ ಬಾಲ್ಕನ್ ಯುದ್ಧದ ಸುದ್ದಿ ಇದೆ. ಅದನ್ನು ಓದಲಿ ಅಂತ ಅಂಟಿಸಿದನೋ, ಬರೀ ಬೂದುಬಣ್ಣದ ಪಟ್ಟಿ ಬೇಕಿತ್ತು ಅಂತ ಅಂಟಿಸಿದನೋ ಎಂದು ಪಂಡಿತರು ಇವತ್ತಿಗೂ ಜಗಳವಾಡುತ್ತಾರೆ.

ಆ ಜಗಳದಲ್ಲೇ ಕೊಲಾಜ್‌ನ ಗುಟ್ಟಿದೆ. ಅಂಟಿಸಿದ ವಸ್ತುವಿಗೆ ಎರಡು ಬಾಳು. ಅದು ಬಸ್ ಟಿಕೆಟ್ಟೂ ಹೌದು, ಚಿತ್ರದೊಳಗಿನ ಕಿಟಕಿಯೂ ಹೌದು. ಎರಡೂ ಒಟ್ಟಿಗೇ ಕಾಣಬೇಕು. ಅಂಟಿಸುವುದರ ಜೊತೆ ಬಣ್ಣವನ್ನೂ ಹಚ್ಚುವ ಕಲಾವಿದರಲ್ಲಿ ಇದು ಇನ್ನೂ ಮೋಜು. ಯಾವುದು ಅಂಟಿಸಿದ್ದು, ಯಾವುದು ಬರೆದದ್ದು ಎಂದು ಹುಡುಕುತ್ತಾ ಕಣ್ಣು ಓಡಾಡುತ್ತದೆ.

ಗೆಳೆಯನ ಒಂದು ಚಿತ್ರ ಹಾಲ್‌ನ ಗೋಡೆಯಲ್ಲೇ ಇದೆ. ಮೂರಡಿ ಎತ್ತರ, ನಾಲ್ಕಡಿ ಅಗಲ. ಬಾಗಿಲ ಹತ್ತಿರ ನಿಂತರೆ ಕಬ್ಬಿನ ಗದ್ದೆ, ಅಷ್ಟೆ. ಹತ್ತಿರ ಹೋದರೆ ಒಂದೊಂದು ಗರಿಯೂ ಸಕ್ಕರೆ ಕಾರ್ಖಾನೆಯ ತೂಕದ ಚೀಟಿ. ಉದ್ದುದ್ದ ಸೀಳಿ, ಒಂದರ ಮೇಲೊಂದು ಅಂಟಿಸಿ, ಮೇಲೆ ನೀರಾದ ಹಸಿರು ಬಣ್ಣ ಎಳೆದಿದ್ದಾನೆ. ಹಸಿರಿನ ಅಡಿಯಲ್ಲಿ ಟನ್ನು, ಕ್ವಿಂಟಾಲು, ಗಾಡಿ ನಂಬರು ಮಸುಕಾಗಿ ಕಾಣುತ್ತವೆ. ಆಕಾಶದ ಜಾಗದಲ್ಲಿ ಊದುಬತ್ತಿ ಪ್ಯಾಕೆಟ್ಟಿನ ಒಳಮೈ. ಚೀಟಿಗಳೆಲ್ಲ ಅವನ ಅಪ್ಪನವು. ಒಂದು ಮೂಲೆಯಲ್ಲಿ ಮಾತ್ರ ಬಣ್ಣ ಹಚ್ಚದೆ ಒಂದು ಚೀಟಿ ಹಾಗೇ ಬಿಟ್ಟಿದ್ದಾನೆ. ಅದರಲ್ಲಿ ತೂಕದ ಜಾಗ ಖಾಲಿ.

ಈ ಖಾಲಿ ಜಾಗದ ಸುದ್ದಿ 37 ಕಟಿಂಗ್‌ಗಳಲ್ಲಿ ಎಲ್ಲೂ ಇಲ್ಲ.

ನನ್ನ ಪಾಪವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಇಪ್ಪತ್ತು ವರ್ಷದ ಹಿಂದಿನ ಮಾತು. ರಾತ್ರಿ ಹತ್ತೂವರೆ, ಪುಟ ಕಳಿಸುವ ಹೊತ್ತು. ವರದಿಗಾರನ ಕಾಪಿಯ ಮೇಲೆ ‘ಕೊಲಾಜ್ ಚಿತ್ರಗಳ ಪ್ರದರ್ಶನ’ ಎಂದಿತ್ತು. ಟೈಪಿಂಗ್ ತಪ್ಪು ಅಂದುಕೊಂಡ ನಾನು, ಬಹಳ ಜಾಣನ ಹಾಗೆ, ‘ಕಾಲೇಜ್ ಚಿತ್ರಗಳ ಪ್ರದರ್ಶನ’ ಎಂದು ಹೆಡ್ಡಿಂಗ್ ತಿದ್ದಿ ಕಳಿಸಿದೆ. ಮಾರನೇ ದಿನ ಗ್ಯಾಲರಿಗೆ ನಾಲ್ಕೈದು ಹುಡುಗರು ಬಂದು ‘ಯಾವ ಬ್ಯಾಚಿನ ಫೋಟೊ ಸಾರ್?’ ಎಂದು ಕೇಳಿದರಂತೆ. ಕಲಾವಿದ ಪೇಪರ್ ಹಿಡಿದು ಆಫೀಸಿಗೆ ಜಗಳಕ್ಕೆ ಬಂದ. ನಮ್ಮ ಸ್ನೇಹ ಶುರುವಾದದ್ದು ಹೀಗೆ.

ದೀಪದ ಸುದ್ದಿ

ಕಟಿಂಗ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಉದ್ಘಾಟನೆಯ ವರದಿಗಳು. ಮೈಸೂರಲ್ಲಿ ಕಲಾಮಂದಿರದ ಆವರಣದ ಸುಚಿತ್ರ ಗ್ಯಾಲರಿಯಲ್ಲೋ, ಕಾವಾದಲ್ಲೋ ಪ್ರದರ್ಶನ ಇಟ್ಟರೆ ಸುದ್ದಿ ಹುಟ್ಟುವ ದಾರಿ ಹೆಚ್ಚುಕಡಿಮೆ ಒಂದೇ. ಮೊದಲು ಕಲಾವಿದನೇ ಒಂದು ಪ್ರಕಟಣೆ ಬರೆದು ಪತ್ರಿಕೆಗಳಿಗೆ ಕೊಡುತ್ತಾನೆ. ಅದು ‘ನಗರದಲ್ಲಿ ಇಂದು’ ಕಾಲಂನಲ್ಲಿ ಎರಡು ಸಾಲಾಗಿ ಬರುತ್ತದೆ. ಸ್ಥಳ, ಸಮಯ, ಅತಿಥಿಗಳ ಹೆಸರು. ಉದ್ಘಾಟನೆ ದಿನ ವರದಿಗಾರ, ಫೋಟೊಗ್ರಾಫರ್ ಬರುತ್ತಾರೆ. ಮಾರನೇ ದಿನ ‘ಕಲೆ ಬದುಕಿಗೆ ಸ್ಫೂರ್ತಿ’ ಅಂತ ಹೆಡ್ಡಿಂಗ್. ಕೆಳಗೆ, ಹಾಗೆಂದು ಮುಖ್ಯ ಅತಿಥಿ ಅಭಿಪ್ರಾಯಪಟ್ಟರು. ಇನ್ನೊಬ್ಬರು ಮಾತನಾಡಿ ಮಕ್ಕಳನ್ನು ಮೊಬೈಲಿನಿಂದ ದೂರವಿಡಬೇಕು ಎಂದರು. ಕೊನೆಯ ಸಾಲಿನಲ್ಲಿ, ಕಲಾವಿದರು ಹಾಜರಿದ್ದರು.

ಓದುಗರು ಇದನ್ನು ನೋಡಿ ವರದಿಗಾರನನ್ನು ಬೈಯುತ್ತಾರೆ. ನಾನು ಅವನ ಪರ. ಅವನಿಗೆ ಆ ದಿನ ನಾಲ್ಕು ಕಾರ್ಯಕ್ರಮ. ಬೆಳಿಗ್ಗೆ ಪಾಲಿಕೆ ಮುಂದೆ ಪ್ರತಿಭಟನೆ, ಮಧ್ಯಾಹ್ನ ಪತ್ರಕರ್ತರ ಭವನದಲ್ಲಿ ಸುದ್ದಿಗೋಷ್ಠಿ, ಸಂಜೆ ಪುಸ್ತಕ ಬಿಡುಗಡೆ, ನಡುವೆ ಇದು. ದೀಪ ಹಚ್ಚುವ ಹೊತ್ತಿಗೆ ಬಂದು, ಮೂರು ಮಾತು ಬರೆದುಕೊಂಡು ಓಡಬೇಕು. ಸುದ್ದಿಮನೆಯಲ್ಲಿ ಯಾರಾದರೂ ಹೇಳಿದ ಮಾತಿಗೆ ಬೆಲೆ ಜಾಸ್ತಿ. ಭಾಷಣಕ್ಕೆ ಕೊಟೇಶನ್ ಹಾಕಬಹುದು, ತಪ್ಪಾದರೆ ಹೇಳಿದವರ ತಲೆಗೆ ಹೋಗುತ್ತದೆ. ಗೋಡೆ ಮೇಲಿನ ಚಿತ್ರ ಏನೂ ಹೇಳುವುದಿಲ್ಲ. ಅದರ ಬಗ್ಗೆ ಬರೆಯಬೇಕೆಂದರೆ ಹೊಣೆ ತನ್ನದೇ ಆಗುತ್ತದೆ.

ಇಂಥ ಕಟಿಂಗ್‌ಗೆ ಬೆಲೆಯೇ ಇಲ್ಲ ಅಂತಲ್ಲ. ಇಂಥ ದಿನ, ಇಂಥ ಜಾಗದಲ್ಲಿ, ಇವರ ಪ್ರದರ್ಶನ ನಡೆಯಿತು ಎಂಬುದಕ್ಕೆ ಅದು ಸಾಕ್ಷಿ. ರಶೀದಿ ಇದ್ದ ಹಾಗೆ. ರಶೀದಿಯನ್ನು ಮೆಚ್ಚುಗೆ ಪತ್ರ ಅಂದುಕೊಂಡರೆ ತೊಂದರೆ, ಅಷ್ಟೆ. ಗೆಳೆಯನ ಫೈಲಿನಲ್ಲಿ ಇಂಥವು 23 ಇದ್ದವು. ಎರಡು ಇಟ್ಟುಕೊಂಡೆವು.

ಒಂದು ಸುಳಿವು ಹೇಳುತ್ತೇನೆ. ಮೂರು ಪತ್ರಿಕೆಗಳಲ್ಲಿ ಒಂದೇ ದಿನ ಒಂದೇ ವಾಕ್ಯ ಬಂದಿದ್ದರೆ, ಅದು ಮೂವರು ಮೆಚ್ಚಿದ್ದಲ್ಲ. ಪ್ರಕಟಣೆಯಲ್ಲಿ ಇದ್ದದ್ದು. ‘ಬಣ್ಣಗಳೊಂದಿಗೆ ಸಂವಾದ ನಡೆಸುವ ಅಪರೂಪದ ಕಲಾವಿದ’ ಎಂಬ ಸಾಲು ಗೆಳೆಯನ ಫೈಲಿನಲ್ಲಿ ಐದು ಕಡೆ ಇತ್ತು. ‘ಯಾರು ಬರೆದದ್ದು ಇದನ್ನ?’ ಅಂದೆ. ಅವನು ತಲೆ ತಗ್ಗಿಸಿ ನಕ್ಕ.

ಕಷ್ಟದ ಕಥೆ

ಇನ್ನೊಂದು ಜಾತಿ ವ್ಯಕ್ತಿಚಿತ್ರ. ಭಾನುವಾರದ ಪುರವಣಿಯಲ್ಲಿ, ದೊಡ್ಡ ಫೋಟೊ ಹಾಕಿ, ಅರ್ಧ ಪುಟ. ಕಲಾವಿದರಿಗೆ ಬಹಳ ಇಷ್ಟ, ಮನೆಯವರಿಗೆ ಇನ್ನೂ ಇಷ್ಟ, ಲ್ಯಾಮಿನೇಷನ್ ಆಗುವುದು ಇದೇ. ಇದರ ಅಚ್ಚು ಹೀಗಿರುತ್ತದೆ: ಬಡತನ, ಯಾರೋ ಗುರುತಿಸಿದ ಮೇಷ್ಟ್ರು, ತಿರಸ್ಕಾರ, ಒಂದು ಪ್ರಶಸ್ತಿ, ‘ಇನ್ನೂ ಸಾಧಿಸಬೇಕಾದ್ದು ಬಹಳ ಇದೆ ಎನ್ನುತ್ತಾರೆ’. ಹೆಸರು ಬದಲಾಯಿಸಿ ಕುಸ್ತಿಪಟುವಿಗೂ ಹಾಕಬಹುದು.

ಕೊಲಾಜ್ ಮಾಡುವವರಿಗೆ ಇದರಲ್ಲಿ ಇನ್ನೊಂದು ಅಪಾಯವಿದೆ. ‘ಬಣ್ಣ ಕೊಳ್ಳಲು ದುಡ್ಡಿಲ್ಲದೆ ಚೀಟಿ ಅಂಟಿಸಿದ’ ಎಂದು ಬರೆದುಬಿಡುತ್ತಾರೆ. ಗೆಳೆಯನ ಬಗ್ಗೆ ಎರಡು ಕಡೆ ಹಾಗೇ ಬಂದಿದೆ. ನಿಜ ಹೇಳಬೇಕೆಂದರೆ ಒಳ್ಳೆಯ ಅಂಟು, ಹುಳಿ ಅಂಶವಿಲ್ಲದ ಕಾಗದ, ಮೇಲಿನ ವಾರ್ನಿಶ್ ಎಲ್ಲಾ ಸೇರಿ ಅವನ ಕೊಲಾಜ್‌ಗೆ ಬೀಳುವ ಖರ್ಚು ಬರೀ ಬಣ್ಣದ ಚಿತ್ರಕ್ಕಿಂತ ಜಾಸ್ತಿ. ಶುರುವಿನಲ್ಲಿ ಮೈದಾ ಅಂಟು ಹಾಕುತ್ತಿದ್ದ, ಸಿನಿಮಾ ಪೋಸ್ಟರ್ ಅಂಟಿಸುವ ಅದೇ ಗಂಜಿ. ಮೂರು ಚಿತ್ರಗಳನ್ನು ಜಿರಲೆ ತಿಂದವು. ಅದಾದ ಮೇಲೆ ಬಿಟ್ಟ.

ಬದುಕಿನ ಕಥೆ ಚಿತ್ರವನ್ನು ನುಂಗಿಹಾಕುವುದಕ್ಕೆ ದೊಡ್ಡವರ ಉದಾಹರಣೆಯೂ ಇದೆ. ಶಾಂತಿನಿಕೇತನದ ಬಿನೋದ್ ಬಿಹಾರಿ ಮುಖರ್ಜಿ ಭಿತ್ತಿಚಿತ್ರಗಳಿಗೆ ಹೆಸರಾದವರು. ಹುಟ್ಟಿನಿಂದಲೇ ದೃಷ್ಟಿ ಮಂದ. 1957ರ ಹೊತ್ತಿಗೆ, ಕಣ್ಣಿನ ಆಪರೇಷನ್ ಕೈಕೊಟ್ಟ ಮೇಲೆ, ಪೂರ್ತಿ ಕಾಣದಾಯಿತು. ಆಮೇಲೆ ಬಣ್ಣದ ಕಾಗದ ಕತ್ತರಿಸಿ ಅಂಟಿಸಿ ಚಿತ್ರ ಮಾಡತೊಡಗಿದರು. ಬೆರಳಿನಿಂದ ಅಂಚು ಮುಟ್ಟಿ ನೋಡಬಹುದಲ್ಲ. 1972ರಲ್ಲಿ ಮುಖರ್ಜಿಯವರ ಬಗ್ಗೆ ಸಿನಿಮಾ ನಿರ್ದೇಶಕ ಸತ್ಯಜಿತ್ ರಾಯ್ ಸಾಕ್ಷ್ಯಚಿತ್ರ ಮಾಡಿದರು. ರಾಯ್ ಇವರ ಹಳೆಯ ಶಿಷ್ಯರೇ. ಮುಖರ್ಜಿಯವರ ಸುದ್ದಿ ಬಂದಾಗೆಲ್ಲ ಮೊದಲು ಬರುವ ಪದ ‘ಅಂಧ’. ಆ ಕೊಲಾಜ್‌ಗಳನ್ನು ನೋಡಿದರೆ ಮರುಕ ಬರುವುದಿಲ್ಲ. ಕೂತ ಒಬ್ಬ ಮನುಷ್ಯನ ಬೆನ್ನು, ಮೊಣಕಾಲು, ಎರಡೇ ಬಣ್ಣದ ಕಾಗದದಲ್ಲಿ, ಒಂದು ಕತ್ತರಿ ಓಟದಲ್ಲಿ ಬಂದಿರುತ್ತದೆ. ಕುರುಡುತನವನ್ನು ಹೊಸ ಅನುಭವ, ಇರವಿನ ಹೊಸ ಸ್ಥಿತಿ ಎಂದು ಅವರೇ ಹೇಳಿಕೊಂಡಿದ್ದರು. ಕಷ್ಟ ಎಂದಲ್ಲ. ಹೆಡ್ಡಿಂಗ್ ಕೊಡುವವರಿಗೆ ಈ ವ್ಯತ್ಯಾಸ ಹಿಡಿಸುವುದಿಲ್ಲ.

ಬೆಲೆಯ ಸುದ್ದಿ

ಇದು ತುಸು ಲೆಕ್ಕದ ವಿಷಯ, ನಿಧಾನವಾಗಿ ನೋಡೋಣ. ಇದಕ್ಕೆ ಮೈಸೂರಿನ ಉದಾಹರಣೆ ಸಾಲದು. ಈಗಿನ ಕೊಲಾಜ್ ಚಿತ್ರಕಾರರಲ್ಲಿ ಜಗತ್ತಿಗೆಲ್ಲ ಗೊತ್ತಿರುವ ಒಬ್ಬರನ್ನು ತೆಗೆದುಕೊಳ್ಳೋಣ. ಎನ್‌ಜಿಡೆಕಾ ಅಕುನ್ಯೀಲಿ ಕ್ರಾಸ್ಬಿ. 1983ರಲ್ಲಿ ನೈಜೀರಿಯಾದ ಎನುಗುವಿನಲ್ಲಿ ಹುಟ್ಟಿ, 1999ರಲ್ಲಿ ಅಮೆರಿಕಕ್ಕೆ ಹೋದವರು. 2011ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಕಲೆಯಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಈಗ ಇರುವುದು ಲಾಸ್ ಏಂಜಲೀಸ್‌ನಲ್ಲಿ.

ಅವರ ಕೆಲಸ ಹೀಗೆ. ನೈಜೀರಿಯಾದ ಹಳೆಯ ಮ್ಯಾಗಜೀನ್, ಹಾಡಿನ ರೆಕಾರ್ಡಿನ ಹೊದಿಕೆ, ಮನೆಯ ಆಲ್ಬಂ, ಇವುಗಳ ನಕಲು ತೆಗೆದು ಬೋರಲಾಗಿ ಕಾಗದದ ಮೇಲಿಟ್ಟು, ರಾಸಾಯನಿಕ ಸವರಿ ಉಜ್ಜುತ್ತಾರೆ. ಮಸಿ ಕಾಗದಕ್ಕೆ ಇಳಿಯುತ್ತದೆ. ಹಾಗೆ ಇಳಿದ ನೂರಾರು ಪುಟ್ಟ ಚಿತ್ರಗಳು ಗೋಡೆಯಾಗಿ, ನೆಲವಾಗಿ, ಮೈಚರ್ಮವಾಗಿ ಕಾಣುತ್ತವೆ. ಅದರ ಜೊತೆಗೆ ಬಣ್ಣ ಹಚ್ಚಿ ಬರೆದ ಜನ, ಮೇಜು, ಟೀ ಲೋಟ. ಕೆಲವು ಚಿತ್ರಗಳಲ್ಲಿ ಅವರ ತಾಯಿಯ ಮುಖ ಅಚ್ಚಾದ ಬಟ್ಟೆ ಬರುತ್ತದೆ. ತಾಯಿ ಡೋರಾ ಅಕುನ್ಯೀಲಿ ನಕಲಿ ಔಷಧಿಗಳ ವಿರುದ್ಧ ಹೋರಾಡಿದ ಅಧಿಕಾರಿ, ಆಮೇಲೆ ಮಂತ್ರಿ. ನಮ್ಮಲ್ಲಿ ಚುನಾವಣೆಗೆ ಟೋಪಿ, ಶಾಲು ಹಂಚಿದ ಹಾಗೆ ಅಲ್ಲಿ ಮುಖ ಅಚ್ಚು ಹಾಕಿಸಿದ ಬಟ್ಟೆಯನ್ನೇ ಮಾಡಿಸುತ್ತಾರೆ, ಜನ ಅದನ್ನು ಹೊಲಿಸಿಕೊಂಡು ತೊಡುತ್ತಾರೆ.

ಈಗ ಪತ್ರಿಕೆಗಳ ವಿಷಯ. 2016ರ ನವೆಂಬರ್‌ವರೆಗೆ ಅವರ ಬಗ್ಗೆ ಬಂದ ಬರಹಗಳಲ್ಲಿ ಮೇಲೆ ಹೇಳಿದ ಮ್ಯಾಗಜೀನ್, ಬಟ್ಟೆ, ಎರಡು ದೇಶದ ಬದುಕು ಇದೇ ಜಾಸ್ತಿ. ಆ ತಿಂಗಳು ನ್ಯೂಯಾರ್ಕಿನ ಸದಬೀಸ್ ಹರಾಜಿನಲ್ಲಿ ಅವರ ಒಂದು ಚಿತ್ರ ಸುಮಾರು 10.9 ಲಕ್ಷ ಡಾಲರಿಗೆ ಹೋಯಿತು. ಅಂದಾಜು ಬೆಲೆ ಇದ್ದದ್ದು 2ರಿಂದ 3 ಲಕ್ಷ. 2017ರ ಮಾರ್ಚ್‌ನಲ್ಲಿ ಲಂಡನ್ನಿನ ಕ್ರಿಸ್ಟೀಸ್‌ನಲ್ಲಿ ಇನ್ನೊಂದು 31 ಲಕ್ಷ ಡಾಲರ್ ಹತ್ತಿರ ಬಂತು. ಅಲ್ಲಿಂದ ಮುಂದೆ ಸುದ್ದಿಗಳ ಮೊದಲ ಸಾಲಿನಲ್ಲಿ ಡಾಲರು ಬಂದು ಕೂತಿತು. ಅದೇ ವರ್ಷ ಅವರಿಗೆ ಮೆಕಾರ್ಥರ್ ಫೆಲೋಶಿಪ್ ಬಂತು, ಐದು ವರ್ಷಕ್ಕೆ 6.25 ಲಕ್ಷ ಡಾಲರ್. ಅದೂ ಸಹ ದುಡ್ಡಿನ ಸುದ್ದಿಯೇ ಆಯಿತು.

ಇಂಥ ಸುದ್ದಿ ಓದುವಾಗ ಮೂರು ಸಂಗತಿ ನೆನಪಿರಲಿ. ಹರಾಜಿನ ದುಡ್ಡು ಕಲಾವಿದೆಗೆ ಹೋಗುವುದಿಲ್ಲ, ಚಿತ್ರದ ಮಾಲೀಕರು ಯಾರೋ ಅವರಿಗೆ ಹೋಗುತ್ತದೆ. ಕಲಾವಿದೆಗೆ ಸಿಕ್ಕಿದ್ದು ಮೊದಲ ಸಲ ಮಾರಿದಾಗಿನ ಬೆಲೆ. ‘ಕೋಟಿ ಗಳಿಸಿದ ಕಲಾವಿದೆ’ ಎಂಬ ಹೆಡ್ಡಿಂಗ್ ಸಾಮಾನ್ಯವಾಗಿ ತಪ್ಪು. ಹಳೆ ಸೈಟು ಇವತ್ತು ಎರಡು ಕೋಟಿಗೆ ಮಾರಿದರೆ, ಮೂವತ್ತು ವರ್ಷದ ಹಿಂದೆ ಅದನ್ನು ಕೊಟ್ಟವರಿಗೆ ಏನು ಬರುತ್ತೆ ಹೇಳಿ? ನಮ್ಮ ದೇಶದ 1957ರ ಕಾಪಿರೈಟ್ ಕಾಯ್ದೆಯಲ್ಲಿ 53ಎ ಎಂಬ ಸೆಕ್ಷನ್ ಇದೆ. 10,000 ರೂಪಾಯಿ ಮೀರಿದ ಮರುಮಾರಾಟದಲ್ಲಿ ಕಲಾವಿದರಿಗೂ ಒಂದು ಪಾಲು, ಹೆಚ್ಚೆಂದರೆ ನೂರಕ್ಕೆ 10, ಸಿಗಬೇಕು ಎನ್ನುತ್ತದೆ. ಹಾಗೆ ಪಾಲು ಪಡೆದವರನ್ನು ನಾನಂತೂ ಕಣ್ಣಾರೆ ಕಂಡಿಲ್ಲ.

ಎರಡನೆಯದು, ಸುದ್ದಿಯಲ್ಲಿ ಬರುವ ಹರಾಜಿನ ಬೆಲೆಯಲ್ಲಿ ಹರಾಜು ಮನೆಯ ಕಮಿಷನ್ ಸೇರಿರುತ್ತದೆ. ಕೂಗು ಮುಗಿದು ಸುತ್ತಿಗೆ ಬಿದ್ದ ಬೆಲೆಯ ಮೇಲೆ ಕೊಂಡವರಿಂದ ನೂರಕ್ಕೆ 20, 25ರ ಆಸುಪಾಸು ವಸೂಲಿ ಮಾಡುತ್ತಾರೆ. ಆದರೆ ಅಂದಾಜು ಬೆಲೆಯಲ್ಲಿ ಅದು ಸೇರಿರುವುದಿಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟು ‘ಅಂದಾಜಿಗಿಂತ ಇಷ್ಟು ಪಟ್ಟು’ ಎಂದರೆ, ತೂಕಕ್ಕೆ ಹಾಕುವಾಗ ಒಂದು ಸಲ ಚೀಲ ಬಿಟ್ಟು, ಇನ್ನೊಂದು ಸಲ ಚೀಲ ಸೇರಿಸಿ ಹಾಕಿದ ಹಾಗೆ. ಮೂರನೆಯದು, ಹರಾಜಿಗೆ ಬಂದು ಮಾರಾಟವಾಗದೆ ಉಳಿದ ಚಿತ್ರಗಳು ಸುದ್ದಿಯಾಗುವುದು ಅಪರೂಪ.

ಗೆಳೆಯನ ಫೈಲಿನಲ್ಲೂ ಇಂಥದ್ದೊಂದಿದೆ. ‘ಒಂದೂವರೆ ಲಕ್ಷಕ್ಕೆ ಬಿಕರಿಯಾದ ಕಬ್ಬಿನ ಚೀಟಿ!’ ಗ್ಯಾಲರಿ ಪಾಲು, ಫ್ರೇಮು, ಸಾಗಾಟ ಕಳೆದು ಅವನ ಕೈಗೆ ಬಂದದ್ದು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಸುದ್ದಿ ಬಂದ ವಾರ ಊರಿಂದ ಇಬ್ಬರು ಸಾಲ ಕೇಳಿಕೊಂಡು ಬಂದಿದ್ದರು. ‘ನಮ್ ಮನೆ ಅಟ್ಟದಾಗೂ ಅವೆ ಚೀಟಿ, ತತ್ತೀವಿ, ಎಷ್ಟಕ್ ತಗತೀಯಾ?’ ಎಂದು ಒಬ್ಬರು ಚೌಕಾಸಿಗೂ ಕೂತರಂತೆ.

ವಿಮರ್ಶೆ ಯಾಕಿಷ್ಟು ಕಡಿಮೆ?

ಚಿತ್ರದ ಮುಂದೆ ನಿಂತು, ನೋಡಿ, ಬರೆಯುವುದಕ್ಕೆ ವಿಮರ್ಶೆ ಅನ್ನುತ್ತೇವೆ. ಸಿನಿಮಾಕ್ಕೆ ಪ್ರತಿ ವಾರ ಬರುತ್ತದೆ, ಚಿತ್ರಕ್ಕೆ ವರ್ಷಕ್ಕೊಮ್ಮೆ ಬಂದರೆ ಪುಣ್ಯ. ಸಿನಿಮಾ ಶುಕ್ರವಾರ ಬಿಡುಗಡೆಯಾಗಿ ಎರಡು ವಾರ ಓಡುತ್ತದೆ, ವಿಮರ್ಶೆ ಓದಿ ಜನ ಹೋಗಬಹುದು. ನಮ್ಮ ಊರಲ್ಲಿ ಕಲಾ ಪ್ರದರ್ಶನ ಇರುವುದು ಮೂರರಿಂದ ಐದು ದಿನ. ಬರೆಯುವವರು ನೋಡಿ, ಬರೆದು, ಪುರವಣಿಯ ಸರದಿ ಬರುವ ಹೊತ್ತಿಗೆ ಚಿತ್ರಗಳು ಗೋಣಿಚೀಲ ಸುತ್ತಿಕೊಂಡು ಆಟೋದಲ್ಲಿ ಮನೆಗೆ ಹೋಗಿರುತ್ತವೆ. ‘ಮುಗಿದ ಪ್ರದರ್ಶನಕ್ಕೆ ಯಾಕ್ ಸಾರ್ ಜಾಗ?’ ಎಂದು ಸಂಪಾದಕರು ಕೇಳುತ್ತಾರೆ. ಆ ಪ್ರಶ್ನೆ ಕೇಳಿದವರಲ್ಲಿ ನಾನೂ ಇದ್ದೆ.

ಕೊಲಾಜ್‌ಗೆ ಅಚ್ಚಿನ ಕಾಟ ಬೇರೆ. ಪತ್ರಿಕೆಯ ಫೋಟೊ ಅಂದರೆ ಚುಕ್ಕೆಗಳ ಜಾಲ, ಇಂಚಿಗೆ ಸುಮಾರು 85ರಿಂದ 100 ಸಾಲು ಚುಕ್ಕೆ. ಮಸಿ ಹೀರುವ ತೆಳು ಕಾಗದದಲ್ಲಿ ಅದಕ್ಕಿಂತ ಸಣ್ಣ ಚುಕ್ಕೆ ನಿಲ್ಲುವುದಿಲ್ಲ, ಹರಡಿಕೊಳ್ಳುತ್ತದೆ. ಕೊಲಾಜ್‌ನ ಜೀವ ಇರುವುದು ಅಂಚಿನಲ್ಲಿ. ಕಾಗದದ ದಪ್ಪ, ಅದು ಬೀಳಿಸುವ ಕೂದಲೆಳೆ ನೆರಳು, ಹರಿದ ಕಡೆ ಕಾಣುವ ಬಿಳಿ ಗೆರೆ. ನಾಲ್ಕಡಿಯ ಚಿತ್ರ ಎರಡು ಕಾಲಂಗೆ ಇಳಿದಾಗ ಮೊದಲು ಹೋಗುವುದು ಇವೇ. ಉಳಿಯುವುದು ಒಂದು ಕಬ್ಬಿನ ಗದ್ದೆ. ಓದುಗ ‘ಓ, ಗದ್ದೆ ಚಿತ್ರ’ ಅಂದುಕೊಂಡು ಪುಟ ತಿರುಗಿಸುತ್ತಾನೆ. ಹಾಗಾಗಿ ಕೊಲಾಜ್ ವಿಷಯದಲ್ಲಿ ಫೋಟೊ ಮಾಡಲಾಗದ್ದನ್ನು ಮಾತು ಮಾಡಬೇಕು. ಏನನ್ನು ಅಂಟಿಸಿದ್ದಾರೆ, ಅದು ಎಲ್ಲಿಂದ ಬಂತು, ದೂರದಿಂದ ಏನು, ಹತ್ತಿರದಿಂದ ಏನು. ನಾಲ್ಕು ವಾಕ್ಯ ಸಾಕು.

ನಾನು ಗೆಳೆಯನ ಫೈಲು ಆರಿಸಲು ಶುರು ಮಾಡಿದ್ದು ಇದೇ ಅಳತೆಯಲ್ಲಿ. ಕಟಿಂಗ್ ಓದಿ, ಕಣ್ಣು ಮುಚ್ಚಿ, ಚಿತ್ರ ಕಂಡರೆ ಈಚೆಗೆ. ಕಾಣದಿದ್ದರೆ ಆಚೆಗೆ.

ತಪ್ಪು ಸಾಯುವುದಿಲ್ಲ

ಒಂದು ಪತ್ರಿಕೆ ಬರೆದದ್ದನ್ನು ಇನ್ನೊಂದು ಎತ್ತಿಕೊಳ್ಳುತ್ತದೆ. ನಮ್ಮ ಊರಲ್ಲೇ ಇದಕ್ಕೆ ದೊಡ್ಡ ಉದಾಹರಣೆ ಇದೆ. ಜಗನ್ಮೋಹನ ಅರಮನೆಯ ಗ್ಯಾಲರಿಯಲ್ಲಿ, ಕತ್ತಲ ಕೋಣೆಯಲ್ಲಿ, ಅಂಗೈಯಿಂದ ದೀಪ ಮರೆಮಾಡಿ ನಿಂತ ಹೆಂಗಸಿನ ಚಿತ್ರ ನೋಡಿದ್ದೀರಲ್ಲ? ಬೆರಳ ಸಂದಿಯಲ್ಲಿ ಕೆಂಪು ಬೆಳಕು. ‘ರವಿವರ್ಮನ ಚಿತ್ರ’ ಎಂದು ಎಷ್ಟು ಕಡೆ ಅಚ್ಚಾಗಿದೆಯೋ ಲೆಕ್ಕವಿಲ್ಲ. ಬರೆದವರು ಎಸ್.ಎಲ್. ಹಲ್ದಣ್ಕರ್. ದೀಪ ಹಿಡಿದು ನಿಂತವರು ಅವರ ಮಗಳು. ಎಣ್ಣೆಬಣ್ಣವೂ ಅಲ್ಲ, ನೀರುಬಣ್ಣ. ರವಿವರ್ಮ ತೀರಿಕೊಂಡದ್ದು 1906ರಲ್ಲಿ, ಈ ಚಿತ್ರ 1940ರ ದಶಕದ್ದು. ಎರಡು ಇಸವಿ ನೋಡಿದ್ದರೆ ಸಾಕಿತ್ತು. 2018ರಲ್ಲಿ ಆ ಮಗಳು ಗೀತಾ ಉಪಳೇಕರ್ ತುಂಬು ಮುಪ್ಪಿನಲ್ಲಿ, ನೂರು ದಾಟಿ, ಕೊಲ್ಹಾಪುರದಲ್ಲಿ ತೀರಿಕೊಂಡಾಗ ಪತ್ರಿಕೆಗಳು ಸರಿಯಾಗಿಯೇ ಬರೆದವು. ಆದರೂ ಟೂರಿಸ್ಟ್‌ಗಳ ಬಾಯಲ್ಲಿ ಇನ್ನೂ ರವಿವರ್ಮನೇ.

ಗೆಳೆಯನ ವಿಷಯದಲ್ಲಿ ಅಂಟಿಕೊಂಡ ತಪ್ಪು ಅಂದರೆ ಅವನ ಹುಟ್ಟೂರು. ಯಾರೋ ಒಮ್ಮೆ ಮದ್ದೂರು ಎಂದು ಬರೆದರು. ಅಲ್ಲಿಂದ ಹನ್ನೊಂದು ಕಡೆ ಮದ್ದೂರೇ. ಈಗ ಅವನೇ ಯಾರಾದರೂ ಕೇಳಿದರೆ ‘ಮದ್ದೂರ ಕಡೆ’ ಅಂದುಬಿಡುತ್ತಾನೆ. ತಿದ್ದಿ ಸಾಕಾಗಿದೆ ಅವನಿಗೆ.

ಕೊನೆಯದಾಗಿ ಕಟಿಂಗ್ ಎಂಬ ವಸ್ತುವಿನ ಬಗ್ಗೆ ಒಂದು ಮಾತು. ಪತ್ರಿಕೆಯ ಕಾಗದವನ್ನು ಮರವನ್ನು ಅರೆದು ಮಾಡುತ್ತಾರೆ, ಅದರಲ್ಲಿ ಲಿಗ್ನಿನ್ ಎಂಬ ಅಂಶ ಉಳಿದಿರುತ್ತದೆ. ಬೆಳಕು, ಗಾಳಿ ತಾಗಿದರೆ ಅದು ಹಳದಿಯಾಗಿ, ಕಂದಾಗಿ, ಆಮೇಲೆ ಮುರಿಯುತ್ತದೆ. ಪಿಕಾಸೊ ಅಂಟಿಸಿದ ಪೇಪರೂ ಈಗ ಕಂದು. ಅದಕ್ಕೇ ಬಂದ ವಾರದಲ್ಲೇ ಒಳ್ಳೆ ಕಾಗದದ ಮೇಲೆ ಜೆರಾಕ್ಸ್ ತೆಗೆಸಿ ಇಡಿ, ಸ್ಕ್ಯಾನ್ ಮಾಡಿಸಿದರೆ ಇನ್ನೂ ಒಳ್ಳೆಯದು. ಕತ್ತರಿಸುವಾಗ ಪತ್ರಿಕೆಯ ಹೆಸರು, ತಾರೀಖು, ಪುಟ, ಯಾವ ಊರಿನ ಎಡಿಷನ್ ಎಲ್ಲಾ ಹಿಂದೆ ಪೆನ್ಸಿಲ್‌ನಲ್ಲಿ ಬರೆಯಿರಿ. ಮೈಸೂರು ಎಡಿಷನ್‌ನಲ್ಲಿ ಬಂದದ್ದು ಬೆಂಗಳೂರಿನವರಿಗೆ ಕಂಡಿರುವುದೇ ಇಲ್ಲ. ಗೆಳೆಯ ಜೀವಮಾನವೆಲ್ಲ ಕಾಗದ ಕತ್ತರಿಸಿದವನು. ತನ್ನ ಸುದ್ದಿಯನ್ನೂ ಅಂದವಾಗಿ ಅಂಚು ಹಿಡಿದು ಕತ್ತರಿಸಿದ್ದ. ತಾರೀಖೆಲ್ಲಾ ಅಂಚಿನ ಆಚೆ ಹೋಗಿತ್ತು. ‘ಎರಡು ವರ್ಷದ್ದೋ ಹನ್ನೆರಡು ವರ್ಷದ್ದೋ, ಹೇಗೋ ಗೊತ್ತಾಗೋದು?’ ಎಂದೆ. ಅವನ ಹೆಂಡತಿ ಒಳಗಿಂದಲೇ ‘ಅಣ್ಣ, ಅದ್ರಾಗೆ ಅವರ ತಲೆಕೂದಲು ನೋಡಿ, ಗೊತ್ತಾಯ್ತದೆ’ ಅಂದರು. ಐದಾರು ಕಟಿಂಗ್‌ಗಳ ವರ್ಷವನ್ನು ನಾವು ಹಾಗೇ ಹಿಡಿದೆವು.

ಸಂಜೆ ಏಳಕ್ಕೆ ಒಂಬತ್ತು ಕಟಿಂಗ್ ಆಗಿತ್ತು. ಹತ್ತನೆಯದು ಬೇಕೇ ಬೇಕಾ ಎಂದು ಯೋಚಿಸುತ್ತಿದ್ದಾಗ ಅವನು ಒಂದು ಪ್ಲಾಸ್ಟಿಕ್ ಕವರ್‌ನಿಂದ ಇನ್ನೊಂದು ತುಂಡು ತೆಗೆದ. 41ರ ಲೆಕ್ಕಕ್ಕೆ ಸೇರದೆ ಬೇರೆ ಇಟ್ಟಿದ್ದ. ‘ಕಾಲೇಜ್ ಚಿತ್ರಗಳ ಪ್ರದರ್ಶನ’. ಜಗಳಕ್ಕೆ ಬಂದ ದಿನ ಇಡೀ ಪುಟವನ್ನೇ ಮಡಚಿ ತಂದಿದ್ದನಲ್ಲ, ಹಾಗಾಗಿ ಪತ್ರಿಕೆಯ ಹೆಸರು, ತಾರೀಖು, ಪುಟದ ನಂಬರು ಎಲ್ಲಾ ಸರಿಯಾಗಿದ್ದವು. ಕೆಳಗಿನ ಸುದ್ದಿಯನ್ನು ನಾನು ಆ ರಾತ್ರಿ ಓದಿರಲೇ ಇಲ್ಲ. ಈಗ ಓದಿದೆ. ವರದಿಗಾರ ಬರೆದಿದ್ದ: ‘ದೂರಕ್ಕೆ ಕಬ್ಬಿನ ಗದ್ದೆ. ಹತ್ತಿರ ಹೋದರೆ ಗರಿಗಳೆಲ್ಲ ಕಾರ್ಖಾನೆಯ ತೂಕದ ಚೀಟಿಗಳು. ಕೆಳಗಿನ ಮೂಲೆಯ ಒಂದು ಚೀಟಿಯಲ್ಲಿ ತೂಕ ನಮೂದಾಗಿಲ್ಲ.’

ಹೆಡ್ಡಿಂಗ್ ಕತ್ತರಿಸಿ ಬರೀ ಸುದ್ದಿ ಲಗತ್ತಿಸೋಣವೇ ಎಂದು ಕೇಳಿದೆ. ‘ಬೇಡ ಬಿಡಯ್ಯ, ಇರ್ಲಿ’ ಎಂದು ಅದನ್ನು ಎಲ್ಲಕ್ಕಿಂತ ಮೇಲಿಟ್ಟು ಪಿನ್ ಹೊಡೆದ.